ಮುಂಬಯಿಯ ಬಿರುಗಾಳಿಗಳು: ಬಿದ್ದ ಮರಗಳು, ಉಳಿದ ಕಲ್ಲುಗಳು

ಕಡಲ ತಡಿಯಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಇನ್ನೊಂದು ಕಡಲ ತಡಿಗೆ ಬಂದ ನಮ್ಮಂಥವರಿಗೆ ಗಾಳಿ ಮಳೆ ಹೊಸದಲ್ಲ. ಆದರೂ 2021ನೆಯ ಇಸವಿ ಮೇ 17ರ ಸೋಮವಾರವನ್ನು ಆಗ ಮುಂಬಯಿಯಲ್ಲಿದ್ದವರು ಯಾರೂ ಬೇಗ ಮರೆಯಲಾರರು. ಅಂದು ‘ತೌಕ್ತೆ’ ಎಂಬ ಚಂಡಮಾರುತವು ನಗರದಿಂದ ಸುಮಾರು ನೂರೈವತ್ತು ಕಿಲೋಮೀಟರು ದೂರದಲ್ಲಿ, ಕಡಲಿನ ಮೇಲೆಯೇ ಉತ್ತರಕ್ಕೆ ಸಾಗಿ ಗುಜರಾತಿನ ತೀರವನ್ನು ಹೊಕ್ಕಿತು. ನಗರದ ಮೇಲೆ ಅದು ಬರಲೇ ಇಲ್ಲ, ಸೆರಗು ಸೋಕಿದ್ದಷ್ಟೇ. ಅಷ್ಟಕ್ಕೇ ಕೊಲಾಬಾದಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಗಾಳಿ ಬೀಸಿತು. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 230 ಮಿಲಿಮೀಟರು ಮಳೆ ಸುರಿಯಿತು. ಮಹಾನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ತೈಲಬಾವಿಗಳ ಬಳಿ ಲಂಗರು ಕಳಚಿಕೊಂಡ ‘ಪಿ-305’ ಎಂಬ ಬಾರ್ಜು ಮುಳುಗಿ ಅರುವತ್ತಕ್ಕೂ ಹೆಚ್ಚು ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರು.

ನಮ್ಮ ಸರಕಾರಿ ಕ್ವಾರ್ಟರ್ಸಿನ ಆವರಣದಲ್ಲಿ ಒಂದು ದೊಡ್ಡ ಮಳೆಮರವಿತ್ತು. ಆ ಮಧ್ಯಾಹ್ನ ಅದು ಬುಡಸಮೇತ ಕಿತ್ತು ಸ್ಕೂಟರುಗಳ ಮೇಲೆ ಮಲಗಿತು. ಸಂಜೆ ಮಹಡಿಯ ಮೆಟ್ಟಿಲಲ್ಲಿ ನಿಂತು ಎಲ್ಲರೂ ಅದನ್ನೇ ನೋಡುತ್ತಿರುವಾಗ ನನ್ನ ಮಗಳು ಕೇಳಿದಳು: “ಅಪ್ಪಾ, 1882ರಲ್ಲಿ ಮುಂಬಯಿಗೆ ಚಂಡಮಾರುತ ಬಂದು ಒಂದು ಲಕ್ಷ ಜನ ಸತ್ತಿದ್ದರಂತೆ. ಹೌದೇ?” ಅವಳ ಮೊಬೈಲಿಗೆ ಯಾರೋ ಕಳಿಸಿದ್ದ ಪಟ್ಟಿಯಲ್ಲಿ ಹಾಗಿತ್ತು. ಜಗತ್ತಿನ ಮಹಾ ಚಂಡಮಾರುತಗಳ ಪಟ್ಟಿಗಳಲ್ಲಿ “1882, ಜೂನ್ 6, ಬೊಂಬಾಯಿ, ಒಂದು ಲಕ್ಷ ಸಾವು” ಎಂಬ ಸಾಲು ಬಹುಕಾಲದಿಂದ ಅಚ್ಚಾಗುತ್ತಾ ಬಂದಿದೆ.

ನಾನು ಓದಿದ್ದು ಬಿ.ಎಸ್ಸಿ., ಮಾಡುತ್ತಿರುವುದು ಗುಮಾಸ್ತಿಕೆ. ಗುಮಾಸ್ತನಾದವನಿಗೆ ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬಾರದು. 1881ರ ಜನಗಣತಿಯಂತೆ ಬೊಂಬಾಯಿ ನಗರದ ಜನಸಂಖ್ಯೆ 7,73,196. ಅದರಲ್ಲಿ ಒಂದು ಲಕ್ಷವೆಂದರೆ ಹೆಚ್ಚುಕಡಿಮೆ ಎಂಟರಲ್ಲಿ ಒಬ್ಬರು. ಪ್ರತಿಯೊಂದು ಚಾಳಿನಿಂದಲೂ ಹೆಣ ಹೊರಬೇಕಾಗಿದ್ದಂಥ ಅನಾಹುತ. ಅಂಥದೊಂದು ನಡೆದಿದ್ದರೆ ಗಿರಣಿಗಳು ನಿಲ್ಲಬೇಕಾಗಿತ್ತು, ಬಂದರು ಮುಚ್ಚಬೇಕಾಗಿತ್ತು, ಮುಂದಿನ ಗಣತಿಯಲ್ಲಿ ಗಾಯದ ಗುರುತು ಕಾಣಬೇಕಾಗಿತ್ತು. 1891ರ ಗಣತಿಯಲ್ಲಿ ಜನಸಂಖ್ಯೆ ಎಂಟು ಲಕ್ಷವನ್ನು ದಾಟಿದೆ. ಕೊಲಾಬಾದ ವೇಧಶಾಲೆ ಸ್ಥಾಪನೆಯಾದದ್ದು 1826ರಲ್ಲಿ. 1882ರಲ್ಲಿ ಅದು ಐವತ್ತಕ್ಕೂ ಹೆಚ್ಚು ವರ್ಷದ ಹಳೆಯ ಸಂಸ್ಥೆ. ಗಾಳಿಯನ್ನೂ ವಾಯುಭಾರವನ್ನೂ ಅಳೆಯುವವರು ಊರಿನ ತುದಿಯಲ್ಲೇ ಕುಳಿತಿರುವಾಗ ಲಕ್ಷ ಜನರನ್ನು ಕೊಂದ ಗಾಳಿ ಗುರುತಿಲ್ಲದೆ ಹೋಗುವುದುಂಟೆ?

ಈ ಸಂದೇಹ ನನ್ನೊಬ್ಬನದಲ್ಲ. ಲೇಖಕ ಅಮಿತಾವ್ ಘೋಷ್ ಅವರೂ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿ ಆಡಂ ಸೋಬೆಲ್ ಮತ್ತು ಸಂಗಡಿಗರೂ ಹಳೆಯ ದಾಖಲೆಗಳನ್ನು ಶೋಧಿಸಿ ನೋಡಿದ್ದಾರೆ. 1882ರ ಆ ಮಹಾಮರಣಕ್ಕೆ ಸಮಕಾಲೀನ ಆಧಾರವೇ ಇಲ್ಲವೆಂಬುದು ಅವರ ಶೋಧನೆಯ ಫಲ. ಯಾವನೋ ಒಬ್ಬ ತಪ್ಪಾಗಿ ಬರೆದ. ಉಳಿದವರು ನೋಡಿ ನೋಡಿ ಬರೆದರು. ಒಂದು ತಪ್ಪು ಟಿಪ್ಪಣಿ ಕಡತದಿಂದ ಕಡತಕ್ಕೆ ಹೋಗುತ್ತಾ ಕಡೆಗೆ ಸತ್ಯವಾಗುವುದನ್ನು ನಮ್ಮಂಥ ಕಚೇರಿಯವರು ಕಾಣದವರೇನೂ ಅಲ್ಲ.

ಇಲ್ಲಿ ನನ್ನನ್ನು ಕಾಡಿದ ವಿಷಯ ಬೇರೆ. ಬಾರದ ಗಾಳಿಯನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಬಂದ ಗಾಳಿಗಳನ್ನು ಮರೆತಿದ್ದಾರೆ.

ಮುಂಬಯಿಗೆ ಚಂಡಮಾರುತ ಅಪರೂಪವೆಂಬುದೇನೋ ನಿಜ. ಇದರ ಕಾರಣವನ್ನು ಸ್ವಲ್ಪ ತಿಳಿಯಬೇಕು. ಚಂಡಮಾರುತ ಹುಟ್ಟುವುದಕ್ಕೆ ಕಡಲ ಮೇಲ್ಮೈ ಸುಮಾರು 26-27 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೆಚ್ಚಗಿರಬೇಕು. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ಬಹಳ ವ್ಯತ್ಯಾಸವಿರಬಾರದು. ಜುಲೈ, ಆಗಸ್ಟುಗಳಲ್ಲಿ ಮುಂಗಾರಿನ ಪ್ರಬಲ ಗಾಳಿ ಈ ಎರಡನೆಯ ಷರತ್ತನ್ನು ಮುರಿಯುತ್ತದೆ. ಆದ್ದರಿಂದಲೇ ಅರಬ್ಬೀ ಸಮುದ್ರದ ಚಂಡಮಾರುತಗಳು ಬಹುಮಟ್ಟಿಗೆ ಮುಂಗಾರಿನ ಮೊದಲು ಮೇ-ಜೂನಿನಲ್ಲೂ, ಮುಂಗಾರು ಹೋದ ಮೇಲೆ ಅಕ್ಟೋಬರ್-ನವೆಂಬರಿನಲ್ಲೂ ಏಳುತ್ತವೆ. ಎದ್ದವು ಹೆಚ್ಚಾಗಿ ಪಶ್ಚಿಮಕ್ಕೆ ಒಮಾನಿನ ಕಡೆಗೋ ಉತ್ತರಕ್ಕೆ ಗುಜರಾತಿನ ಕಡೆಗೋ ತಿರುಗುತ್ತವೆ. ನಡುವಿನ ಮುಂಬಯಿ ಪಾರಾಗುತ್ತದೆ. ಆದರೆ ಅಪರೂಪವೆಂದರೆ ಇಲ್ಲವೆಂದು ಅರ್ಥವಲ್ಲ. ಇತ್ತೀಚಿನ ದಶಕಗಳಲ್ಲಿ ಅರಬ್ಬೀ ಸಮುದ್ರ ಕಾವೇರುತ್ತಿದೆ; 2019ನೆಯ ಒಂದೇ ವರ್ಷದಲ್ಲಿ ಅಲ್ಲಿ ಐದು ಚಂಡಮಾರುತಗಳು ಎದ್ದವು.

ಹಾಗಾದರೆ ನಿಜವಾಗಿ ಬಂದವು ಯಾವುವು? ದಾಖಲೆಯಲ್ಲಿ ದೊಡ್ಡದಾಗಿ ಕಾಣುವುದು 1618ನೆಯ ಮೇ ತಿಂಗಳ ಗಾಳಿ. ಆಗ ವಸಾಯಿ ಪೋರ್ತುಗೀಜರ ವೈಭವದ ನಗರ. ಈಗ ಮುಂಬಯಿ ಎನಿಸಿಕೊಂಡಿರುವ ದ್ವೀಪಗಳು ಅದರ ಕೈಕೆಳಗಿನ ಹಳ್ಳಿಗಳು. ಗಾಳಿ ಕಡಲನ್ನು ಊರೊಳಕ್ಕೆ ನುಗ್ಗಿಸಿತೆಂದೂ, ಇಗರ್ಜಿಗಳ ಮಾಡು ಹಾರಿಹೋದವೆಂದೂ, ಭಾರಿ ಕಲ್ಲುಗಳು ದೂರ ಎಸೆಯಲ್ಪಟ್ಟವೆಂದೂ, ಸುಮಾರು ಎರಡು ಸಾವಿರ ಜನ ಸತ್ತರೆಂದೂ, ಬೊಂಬಾಯಿಯಲ್ಲಿ ಅರುವತ್ತು ಹಡಗುಗಳು ಮುಳುಗಿದವೆಂದೂ ಪೋರ್ತುಗೀಜ್ ವೃತ್ತಾಂತ ಹೇಳುತ್ತದೆ. ಅದರಲ್ಲಿ ಒಂದು ಚಿಕ್ಕ ಮಾತಿದೆ: ಕೆರೆಗಳಲ್ಲಿ ಮೀನುಗಳು ಸತ್ತವೆಂಬುದು. ನಮ್ಮೂರ ಗದ್ದೆಗೆ ಉಪ್ಪುನೀರು ನುಗ್ಗಿದರೆ ಏನಾಗುತ್ತದೆಂದು ಬಲ್ಲವರಿಗೆ ಈ ಒಂದು ವಾಕ್ಯ ಸಾಕು. ಸಿಹಿನೀರಿನ ಕೆರೆಗೆ ಕಡಲು ಹೊಕ್ಕಿರಬೇಕು. ಅಂದರೆ ಬಾವಿಗಳೂ ಉಪ್ಪಾಗಿರಬೇಕು. ಸತ್ತವರ ಲೆಕ್ಕಕ್ಕಿಂತ ಈ ಮೀನಿನ ಮಾತು ಗಾಳಿಯ ಸ್ವರೂಪವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ.

ಎರಡನೆಯದು 1854ರ ನವೆಂಬರ್ ಆರಂಭದ ಗಾಳಿ. ನಾಲ್ಕೇ ಗಂಟೆಯಲ್ಲಿ ಐದು ಲಕ್ಷ ಪೌಂಡ್ ಬೆಲೆಯ ಆಸ್ತಿ ನಾಶವಾಗಿ ಸಾವಿರ ಜನ ಸತ್ತರೆಂದು ಬರೆದಿಟ್ಟಿದ್ದಾರೆ. ಇದಕ್ಕೆ ಕೆಲವೇ ವರ್ಷ ಹಿಂದೆ, ಕಲಕತ್ತೆಯಲ್ಲಿ ಕಂಪನಿ ಸರಕಾರದ ಅಧಿಕಾರಿಯಾಗಿದ್ದ ಹೆನ್ರಿ ಪಿಡಿಂಗ್ಟನ್ ಎಂಬವರು ಹಡಗುಗಳ ದಿನಚರಿಗಳನ್ನು ಒಂದೊಂದಾಗಿ ಕೂಡಿಹಾಕಿ, ಗಾಳಿ ಸುಳಿಸುಳಿಯಾಗಿ ಸುತ್ತುವುದನ್ನು ತೋರಿಸಿ, ಅದಕ್ಕೆ ‘ಸೈಕ್ಲೋನ್’ ಎಂಬ ಹೆಸರಿಟ್ಟಿದ್ದರು. ಇಂದು ಜಗತ್ತೆಲ್ಲ ಬಳಸುವ ಆ ಹೆಸರು ನಮ್ಮ ದೇಶದ ಒಂದು ಕಚೇರಿಯ ಕಡತಗಳಿಂದ ಹುಟ್ಟಿದ್ದು!

ಮೂರನೆಯದು ಸ್ವಾತಂತ್ರ್ಯ ಬಂದ ಮರುವರ್ಷ, 1948ರ ನವೆಂಬರ್ 22ರ ಸುಮಾರಿಗೆ ಬಂದದ್ದು. ನಗರದ ಮೇಲೆ ನೇರವಾಗಿ ಹೊಡೆತ ಕೊಟ್ಟ ದೊಡ್ಡ ಚಂಡಮಾರುತಗಳಲ್ಲಿ ಜೀವಂತ ಮನುಷ್ಯರ ನೆನಪಿನಲ್ಲಿ ಉಳಿದಿದ್ದುದು ಇದೊಂದೇ.

‘ಉಳಿದಿದ್ದುದು’ ಎಂದೆ. ಅದಕ್ಕೆ ಕಾರಣವಿದೆ. ನಮ್ಮ ಕೆಳಮಹಡಿಯಲ್ಲಿ ಮಗನ ಮನೆಯಲ್ಲಿದ್ದ ಹಿರಿಯರೊಬ್ಬರು ತೌಕ್ತೆಯ ಆ ಸಂಜೆ ನಮ್ಮೊಡನೆ ಮೆಟ್ಟಿಲಲ್ಲಿ ನಿಂತಿದ್ದರು. ಅವರಿಗೆ ಆಗಲೇ ಎಂಬತ್ತೈದು. ಕುಂದಾಪುರದ ಕಡೆಯವರು, ಹನ್ನೊಂದನೆಯ ವಯಸ್ಸಿನಲ್ಲಿ ಕೋಟೆ ಭಾಗದ ಹೋಟೆಲೊಂದಕ್ಕೆ ಮಾಣಿಯಾಗಿ ಬಂದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು. ಬಿದ್ದ ಮರವನ್ನು ನೋಡುತ್ತಾ, “ಇದೆಂಥ ಗಾಳಿ ಮಾರಾಯ್ರೆ, ನಲವತ್ತೆಂಟರ ಗಾಳಿ ನೋಡ್ಬೇಕಿತ್ತು ನೀವು” ಎಂದರು. ಹೋಟೆಲಿನ ಬಾಗಿಲು ಹಾಕಿ ಎಲ್ಲರೂ ಒಳಗೇ ಕುಳಿತದ್ದು, ದೀಪ ಹೋದದ್ದು, ಹಿಂದಿನ ಅಡುಗೆಮನೆಯ ತಗಡು ಹಾರಿದ ಸದ್ದು, ಮರುದಿನ ಮೈದಾನದ ಬದಿಯಲ್ಲಿ ಸಾಲಾಗಿ ಮಲಗಿದ್ದ ಮರಗಳು, ಇಷ್ಟನ್ನು ಹೇಳಿದರು. “ಒಂದು ದಿನ ಕುಳಿತು ಪೂರ್ತಿ ಹೇಳಿ, ಬರೆದುಕೊಳ್ಳುತ್ತೇನೆ” ಎಂದೆ. “ಬನ್ನಿ, ಬನ್ನಿ” ಎಂದರು. ನಾಳೆ, ಭಾನುವಾರ, ಗಣಪತಿ ಹಬ್ಬ ಕಳೆಯಲಿ ಎನ್ನುತ್ತಾ ನಾನು ದಿನ ತಳ್ಳಿದೆ. ಮರುವರ್ಷ ಅವರು ತೀರಿಕೊಂಡರು. ಆ ಮರಗಳು ಯಾವ ಜಾತಿಯವು, ಯಾವ ದಿಕ್ಕಿಗೆ ಮುಖಮಾಡಿ ಬಿದ್ದಿದ್ದವು, ಕಡಲು ಎಲ್ಲಿಯವರೆಗೆ ಬಂದಿತ್ತು, ಒಂದನ್ನೂ ನಾನು ಕೇಳಿಕೊಂಡಿರಲಿಲ್ಲ. 1618ರಲ್ಲಿ ಕೆರೆಯ ಮೀನು ಸತ್ತದ್ದು ನನಗೆ ಗೊತ್ತು. ನನ್ನ ಕೆಳಮನೆಯವರು ಕಣ್ಣಾರೆ ಕಂಡದ್ದು ಗೊತ್ತಿಲ್ಲ. ಈ ಲೇಖನವನ್ನು ಬರೆಯಲು ಕುಳಿತದ್ದಕ್ಕೆ ನಿಜವಾದ ಕಾರಣ ಅದೇ.

ಬಿದ್ದ ಮರದ ಜಾತಿ ಯಾವುದಾದರೇನು ಎಂದು ಕೇಳಬಹುದು. ಅದರಲ್ಲೇ ಪಾಠವಿದೆ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ತೌಕ್ತೆಯಲ್ಲಿ ಹೆಚ್ಚು ಸಂಖ್ಯೆಯಲ್ಲಿ ಬಿದ್ದವು ಗುಲ್ಮೊಹರ್, ಮಳೆಮರ, ಹಳದಿ ಹೂವಿನ ಪೆಲ್ಟೋಫೋರಂ ಮೊದಲಾದ ಪರದೇಶದ ಮರಗಳು. ಇವು ಬೇಗ ಬೆಳೆದು ನೆರಳು ಕೊಡುತ್ತವೆಂದು ರಸ್ತೆಬದಿಯಲ್ಲಿ ನೆಟ್ಟವು. ಮರವನ್ನಷ್ಟೇ ದೂರುವುದೂ ನ್ಯಾಯವಲ್ಲ. ಬುಡದ ಸುತ್ತ ಸಿಮೆಂಟು ಬಳಿದು, ಕೇಬಲಿಗಾಗಿ ಒಂದು ಬದಿಯ ಬೇರು ಕಡಿದು, ಮೇಲಿನ ಕೊಂಬೆಗಳನ್ನು ಒಂದೇ ಕಡೆ ಸವರಿದರೆ ಯಾವ ಮರ ತಾನೇ ನಿಂತೀತು? ನಮ್ಮ ಆವರಣದ ಮಳೆಮರದ ಬೇರುಗಳೂ ಒಂದು ಬದಿಯಲ್ಲಿ ಕೊಡಲಿಯಿಂದ ಕಡಿದಂತೆ ನೇರವಾಗಿದ್ದವು.

ಇನ್ನು ರಾಯಗಡದ ತೋಟಗಳ ಕಥೆ. 2020ರ ಜೂನ್ 3ರಂದು ‘ನಿಸರ್ಗ’ ಚಂಡಮಾರುತ ಅಲೀಬಾಗಿನ ದಕ್ಷಿಣಕ್ಕೆ ನೆಲ ಮುಟ್ಟಿತು. ಗಾಳಿಯ ವೇಗ ಗಂಟೆಗೆ 110-120 ಕಿಲೋಮೀಟರು. ಮುಂಬಯಿ ಬದುಕಿತೆಂದು ನಾವು ನಿಟ್ಟುಸಿರು ಬಿಟ್ಟೆವು. ಆದರೆ ಮುರುಡ, ಶ್ರೀವರ್ಧನ, ದಿವೇಆಗರಗಳಲ್ಲಿ ಅಡಕೆ, ತೆಂಗು, ಮಾವಿನ ತೋಟಗಳು ನೆಲಕಚ್ಚಿದವು. ಅಡಕೆಯ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕೆಂದು ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡದವರಿಗೆ ಹೇಳಬೇಕಾಗಿಲ್ಲ. ಮನೆ ಮುರಿದರೆ ಪರಿಹಾರದ ಹಣದಿಂದ ಮುಂದಿನ ಮಳೆಗಾಲದೊಳಗೆ ಕಟ್ಟಬಹುದು. ತೋಟ ಮುರಿದರೆ ಮಗ ದೊಡ್ಡವನಾಗುವವರೆಗೆ ಕಾಯಬೇಕು.

ಗಾಳಿಗೆ ಎದೆಯೊಡ್ಡಿ ನಿಲ್ಲುವ ಒಂದು ಕಾಡು ಮಾತ್ರ ಮುಂಬಯಿಯಲ್ಲಿ ಇನ್ನೂ ಇದೆ. ನಾವು ಊರಿನಲ್ಲಿ ಕಾಂಡ್ಲಾ ಎನ್ನುವ, ಕೆಸರಿನಲ್ಲಿ ಬೇರುಗಳನ್ನು ಚಾಚಿ ನಿಲ್ಲುವ ಗಿಡಗಳ ಕಾಡು. ಅಲೆಯ ರಭಸವನ್ನು ಮುರಿದು ದಡದ ಮಣ್ಣನ್ನು ಹಿಡಿಯುವುದು ಅದರ ಗುಣ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಕಡಲಿನ ಮಟ್ಟ ಸುಮಾರು ಒಂದು ಸೆಂಟಿಮೀಟರು ಏರುತ್ತದೆ. ಅದರ ಮೇಲೆ ಗಾಳಿ ತಳ್ಳಿ ತರುವ ನೀರು ಬೇರೆ. ಮುಂಬಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಭರತ ಐದು ಮೀಟರಿನ ಹತ್ತಿರ ಬರುವುದುಂಟು. ಗಾಳಿಯೂ ಭರತವೂ ಒಂದೇ ಗಳಿಗೆಗೆ ಕೂಡಿದರೆ ತಗ್ಗಿನ ಊರುಗಳ ಗತಿ ಏನು? ಇಂಥ ಕಾಡನ್ನು ಕಸ ಸುರಿದು ಮುಚ್ಚುತ್ತಿರುವಾಗ, ಬೊಂಬಾಯಿ ಹೈಕೋರ್ಟು 2005ರಲ್ಲಿ ಅದರ ನಾಶವನ್ನು ತಡೆದು ಆಜ್ಞೆ ಮಾಡಿತು. ಠಾಣೆಯ ಖಾರಿಗೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂಬ ಮನ್ನಣೆ ದೊರೆಯಿತು.

ಇಷ್ಟು ಮರಗಳ ಮಾತಾಯಿತು. ಈಗ ಕಲ್ಲುಗಳ ಮಾತು. ಕಲ್ಲಿಗೆ ಗಾಳಿ ಏನು ಮಾಡೀತು ಎಂದು ತೋರಬಹುದು. ಆದರೆ ಮರ ಮತ್ತು ಕಲ್ಲುಗಳ ಕಥೆ ಒಂದಕ್ಕೊಂದು ಹೆಣೆದುಕೊಂಡಿದೆ. ವಸಾಯಿಯ ಕೋಟೆಯನ್ನು ನೋಡಿದವರಿಗೆ ನೆನಪಿರಬಹುದು. ಇಗರ್ಜಿಯ ಗೋಡೆಗಳ ಮೇಲೆಯೇ ಆಲ, ಅರಳಿಗಳು ಬೇರೂರಿವೆ. ಆ ಪಾಳಿಗೆ ಕಾರಣಗಳು ಹಲವು: 1739ರಲ್ಲಿ ಚಿಮಾಜಿ ಅಪ್ಪಾ ಅವರ ಮುತ್ತಿಗೆ, ಆಮೇಲಿನ ಯುದ್ಧಗಳು, ನಂತರದ ನಿರ್ಲಕ್ಷ್ಯ. ಆದರೆ ಗೋಡೆಯ ಸಂದಿಯಲ್ಲಿ ಬೆಳೆದ ಮರ ಬಿರುಗಾಳಿಗೆ ಬಿದ್ದರೆ ತಾನೊಂದೇ ಬೀಳುವುದಿಲ್ಲ. ಹತ್ತಾರು ಕಲ್ಲುಗಳನ್ನು ಬೇರಿನಲ್ಲಿ ಹಿಡಿದುಕೊಂಡೇ ಬೀಳುತ್ತದೆ.

ನೆಲದೊಳಗಿನ ಹಾನಿ ಇನ್ನೂ ಸೂಕ್ಷ್ಮ. ಹಳೆಯ ಊರಿನ ನಿವೇಶನದಲ್ಲಿ ಕಾಲಕಾಲದ ಮಣ್ಣು ಒಂದರ ಮೇಲೊಂದು ಪದರವಾಗಿ ಕುಳಿತಿರುತ್ತದೆ. ಯಾವ ಪದರದಲ್ಲಿ ಯಾವ ಮಡಕೆಚೂರು, ಯಾವ ನಾಣ್ಯ ಎಂಬುದರ ಮೇಲೆಯೇ ಪುರಾತತ್ತ್ವಜ್ಞರು ಕಾಲ ನಿರ್ಣಯ ಮಾಡುವುದು. ದೊಡ್ಡ ಮರವೊಂದು ಬುಡಮೇಲಾದರೆ ಬೇರಿನ ಜೊತೆ ಮೂರು ನಾಲ್ಕು ಅಡಿಯ ಮಣ್ಣು ಎದ್ದು ಪದರಗಳೆಲ್ಲ ಕಲಸಿಹೋಗುತ್ತವೆ. ಆಮೇಲೆ ಜೆಸಿಬಿ ಬಂದು ಬುಡವನ್ನು ಎಳೆಯುತ್ತದೆ, ಗುಂಡಿಗೆ ಎಲ್ಲಿಂದಲೋ ತಂದ ಮಣ್ಣು ತುಂಬುತ್ತಾರೆ. ಗಾಳಿ ಅರ್ಧ ಅಳಿಸಿದ ಪುಟವನ್ನು ನಾವು ಪೂರ್ತಿ ಅಳಿಸುತ್ತೇವೆ.

ಇದು ದೂರದ ಮಾತಲ್ಲ. ಇಂದು ನಮ್ಮ ಎಷ್ಟೋ ಕನ್ನಡ ಕುಟುಂಬಗಳು ಲೋಕಲ್ ಗಾಡಿಯಿಂದ ಇಳಿಯುವ ನಾಲಾಸೋಪಾರಾ ಎಂದರೆ ಪ್ರಾಚೀನ ಶೂರ್ಪಾರಕ, ಎರಡು ಸಾವಿರ ವರ್ಷ ಹಿಂದಿನ ಹೆಸರಾಂತ ಬಂದರು. 1882ರ ಏಪ್ರಿಲಿನಲ್ಲಿ, ಅಂದರೆ ಆ ಸುಳ್ಳು ಚಂಡಮಾರುತದ ತಾರೀಖಿಗೆ ಎರಡೇ ತಿಂಗಳು ಮುಂಚೆ, ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರು ಅಲ್ಲಿ ಇಟ್ಟಿಗೆಯ ಸ್ತೂಪವನ್ನು ಅಗೆದು ಒಂದು ಕಲ್ಲಿನ ಕರಂಡವನ್ನು ಹೊರತೆಗೆದರು. ಅದರೊಳಗೆ ಒಂದರೊಳಗೊಂದು ಡಬ್ಬಿಗಳು, ಚಿನ್ನದ ಹೂಗಳು, ಯಜ್ಞಶ್ರೀ ಶಾತಕರ್ಣಿಯ ಬೆಳ್ಳಿ ನಾಣ್ಯ ಇದ್ದವು. ಅದೇ ಊರಿನ ಕೆರೆಯ ಬಳಿ ಅಶೋಕನ ಎಂಟನೆಯ ಶಿಲಾಶಾಸನದ ಒಂದು ತುಂಡು ಅವರಿಗೆ ಸಿಕ್ಕಿತು. ಆ ತುಂಡು ಈಗ ಕೋಟೆ ಭಾಗದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿದೆ. ಒಂಬತ್ತನೆಯ ಶಾಸನದ ತುಂಡು ಸಿಕ್ಕಿದ್ದು 1956ರಲ್ಲಿ, ವಸಾಯಿಯ ಕಡಲ ಬದಿಯ ಭುಯಿಗಾಂವಿನಲ್ಲಿ. ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಬಂಡೆ ನಿಂತಲ್ಲೇ ನಿಂತು ಓದಿಸುತ್ತಿದೆ. ಸೋಪಾರದ ಶಾಸನ ಮಾತ್ರ ಚೂರಾಗಿ ಚದರಿದೆ. ಉಳಿದ ಚೂರುಗಳು ಯಾರ ಹಿತ್ತಿಲಲ್ಲಿವೆಯೋ, ಯಾವ ಮರದ ಬೇರಿನಲ್ಲಿವೆಯೋ.

ಬೊರಿವಲಿಯ ಕಾಡಿನ ಕಾನ್ಹೇರಿಗೆ ಹೋಗೋಣ. ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳು. ಬೆಟ್ಟದ ಮಳೆನೀರನ್ನು ಕಲ್ಲಿನ ಕಾಲುವೆಗಳಿಂದ ತೊಟ್ಟಿಗಳಿಗೆ ಹರಿಸಿದ ಜಾಣ್ಮೆ ಅಲ್ಲಿ ಕಾಣುತ್ತದೆ. ಬಿರುಗಾಳಿಯ ಮಳೆಯಲ್ಲಿ ಈ ಕಾಲುವೆಗಳಿಗೆ ಕೊಂಬೆ, ಎಲೆ, ಮಣ್ಣು ತುಂಬಿದರೆ ನೀರು ದಾರಿತಪ್ಪಿ ಗುಹೆಯ ಮುಖದ ಮೇಲೆ ಇಳಿಯುತ್ತದೆ. ಕೆತ್ತಿದ ಅಕ್ಷರಗಳನ್ನು ವರ್ಷವರ್ಷವೂ ನೆಕ್ಕುತ್ತದೆ. ಆ ಅಕ್ಷರಗಳಲ್ಲಿ ನಮ್ಮವರ ಹೆಸರಿದೆ. ಕವಿರಾಜಮಾರ್ಗದ ಮೂಲಕ ನಾವೆಲ್ಲ ಬಲ್ಲ ನೃಪತುಂಗ, ಅಂದರೆ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳು ಕಾನ್ಹೇರಿಯಲ್ಲಿವೆ. ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಮಾಂಡಲಿಕರು. ಶಕವರ್ಷ 775ರ, ಎಂದರೆ ಕ್ರಿ.ಶ. 853-54ರ ಸುಮಾರಿನ ಶಾಸನವೊಂದರಲ್ಲಿ ದೂರದ ಗೌಡದೇಶದಿಂದ, ಈಗಿನ ಬಂಗಾಲದಿಂದ, ಬಂದ ಅವಿಘ್ನಾಕರನೆಂಬ ಭಕ್ತ ನೂರು ದ್ರಮ್ಮಗಳನ್ನು ದಾನಮಾಡಿದ ಸಂಗತಿಯಿದೆ. ಪರಊರಿನಿಂದ ಬಂದವನು ಈ ನೆಲಕ್ಕೆ ಕೊಟ್ಟದ್ದು, ಕನ್ನಡ ದೊರೆಯ ಹೆಸರಿನ ಕೆಳಗೆ, ಇಲ್ಲಿಯ ಕಲ್ಲಿನಲ್ಲಿ! ಪರಊರಿನಿಂದ ಬಂದ ನಮಗೆ ಇದಕ್ಕಿಂತ ಹತ್ತಿರದ ದಾಖಲೆ ಬೇಕೆ?

ಘಾರಾಪುರಿಯೂ ಹಾಗೆಯೇ. ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಹಡಗುಗಳಿಂದ ಮುತ್ತಿದನೆಂದು ಕ್ರಿ.ಶ. 634ರ ಐಹೊಳೆಯ ಶಾಸನ ತಿಳಿಸುತ್ತದೆ. ಆ ಪುರಿ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು, ಜಂಜಿರಾದ ಬಳಿಯ ರಾಜಪುರಿ ಎಂದು ಇನ್ನು ಕೆಲವರು. ಯಾವುದಾದರೂ ಇರಲಿ, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಆ ದ್ವೀಪದ ಗುಹೆಗಳಿಗೆ ಕಡಲಿನ ಉಪ್ಪು ಗಾಳಿಯೂ ಮೇಲಿನಿಂದ ಜಿನುಗುವ ನೀರೂ ಎರಡು ಶತ್ರುಗಳು. ಅದರ ಎದುರು ದಡದ ಗೇಟ್‌ವೇ ಆಫ್ ಇಂಡಿಯಾ 1924ರಲ್ಲಿ ಉದ್ಘಾಟನೆಯಾದ ಕಟ್ಟಡ, ವಯಸ್ಸಿನಲ್ಲಿ ಮಗು. ತೌಕ್ತೆಯ ಅಲೆಗಳು ಅಲ್ಲಿ ಕಡಲ ಬದಿಯ ತಡೆಗೋಡೆಯನ್ನೂ ಕಬ್ಬಿಣದ ಗೇಟುಗಳನ್ನೂ ಮುರಿದವು. 2023ರಲ್ಲಿ ಕಟ್ಟಡದ ಮೇಲ್ಮೈಯಲ್ಲಿ ಬಿರುಕುಗಳಿರುವುದನ್ನು ಸಂಸತ್ತಿನಲ್ಲಿ ಸರಕಾರವೇ ತಿಳಿಸಿತು.

ಹಾಗೆಂದು ಎಲ್ಲ ಹಾನಿಯನ್ನೂ ಗಾಳಿಯ ತಲೆಗೆ ಕಟ್ಟುವುದು ಸರಿಯಲ್ಲ. ಘಾರಾಪುರಿಯ ಮಹಾಗುಹೆಯಲ್ಲಿ ಒಂದು ಶಿಲಾಶಾಸನವಿತ್ತು. ಪೋರ್ತುಗೀಜರು ಅದನ್ನು ಕಿತ್ತು ತಮ್ಮ ರಾಜನಿಗೆ ಕಳಿಸಿದರು. ಆಮೇಲೆ ಅದು ಎಲ್ಲಿ ಹೋಯಿತೋ ಪತ್ತೆಯಿಲ್ಲ. ಆ ಗುಹೆಯನ್ನು ಕೊರೆಸಿದವರು ಯಾರೆಂದು ಇಂದಿಗೂ ವಿದ್ವಾಂಸರು ಊಹೆ ಮಾಡುತ್ತಿರುವುದು ಆ ಒಂದು ಕಲ್ಲು ಇಲ್ಲದ ಕಾರಣ. ಅದರ ಪ್ರತಿಯನ್ನು ಒಬ್ಬ ಗುಮಾಸ್ತ ಕಾಗದದ ಮೇಲೆ ತೆಗೆದಿಟ್ಟಿದ್ದರೂ ಸಾಕಿತ್ತು! ಇದಕ್ಕೆ ಪ್ರತಿಯಾಗಿ ನಮ್ಮ ಮೈಸೂರನ್ನು ನೋಡಿ. ಬಿ. ಎಲ್. ರೈಸ್ ಅವರು ಊರೂರಿನ ಶಾಸನಗಳ ಪಾಠವನ್ನು 1886ರಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಆ ಕಲ್ಲುಗಳಲ್ಲಿ ಎಷ್ಟೋ ಆಮೇಲೆ ಒಡೆದವು, ಕಳೆದವು, ಬಟ್ಟೆ ಒಗೆಯುವ ಕಲ್ಲಾದವು. ಮಾತು ಉಳಿಯಿತು. ಬರೆದಿಟ್ಟದ್ದನ್ನು ಯಾವ ಬಿರುಗಾಳಿಯೂ ಸುಲಭವಾಗಿ ಒಯ್ಯಲಾರದು.

ಆದ್ದರಿಂದ ನಮ್ಮ ಸಂಘದ ಬಂಧುಗಳಲ್ಲಿ ಮೂರು ಮಾತು ಅರಿಕೆ ಮಾಡುತ್ತೇನೆ. ಇವಕ್ಕೆ ಹಣ ಬೇಕಾಗಿಲ್ಲ.

ಮೊದಲನೆಯದು: ನಾಲಾಸೋಪಾರಾ, ವಸಾಯಿ, ಬೊರಿವಲಿ, ಜೋಗೇಶ್ವರಿಗಳಲ್ಲಿ ಹಳೆಯ ಗುಹೆ, ಕೆರೆ, ಕೋಟೆಗಳ ಸಮೀಪ ವಾಸಿಸುವವರು ಮಳೆಗಾಲಕ್ಕೆ ಮೊದಲು ಒಂದು ಭಾನುವಾರ ಮಕ್ಕಳೊಂದಿಗೆ ಅಲ್ಲಿಗೆ ಹೋಗಿ ನಾಲ್ಕು ಫೋಟೋ ತೆಗೆದು ತಾರೀಖು ಬರೆದಿಡಿ. ಹಾನಿಯಾದ ಮೇಲೆ ಮೊದಲು ಹೇಗಿತ್ತೆಂದು ತೋರಿಸಲು ಅದೇ ಸಾಕ್ಷಿ. ಮರ ಬಿದ್ದು ಬುಡದಲ್ಲಿ ಹಳೆಯ ಇಟ್ಟಿಗೆ, ಮಡಕೆ, ಅಕ್ಷರದ ಕಲ್ಲು ಕಂಡರೆ ಮನೆಗೆ ತರಬೇಡಿ, ಅಲ್ಲಾಡಿಸಬೇಡಿ. ಫೋಟೋ ತೆಗೆದು ಸಾಯನ್ ಕೋಟೆಯಲ್ಲಿರುವ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಕಚೇರಿಗೋ ರಾಜ್ಯದ ಪುರಾತತ್ತ್ವ ವಿಭಾಗಕ್ಕೋ ತಿಳಿಸಿ.

ಎರಡನೆಯದು: ಸೊಸೈಟಿಯ ಆವರಣದಲ್ಲಿ ಗಿಡ ನೆಡುವಾಗ ಈ ನೆಲದ ಗಾಳಿಗೆ ಒಗ್ಗಿದ ಹೊಂಗೆ, ಸುರಹೊನ್ನೆ, ಬೇವುಗಳನ್ನು ನೆಡಿ, ಬುಡಕ್ಕೆ ಸಿಮೆಂಟು ಬಳಿಯಲು ಬಿಡಬೇಡಿ.

ಮೂರನೆಯದು, ಎಲ್ಲಕ್ಕಿಂತ ತುರ್ತಿನದು: 1948ರಲ್ಲಿ ಹತ್ತು ವರ್ಷದವರಾಗಿದ್ದವರು ಎಂಬತ್ತು ದಾಟಿ ಬಹಳ ಕಾಲವಾಯಿತು. ನಮ್ಮ ಕೋಟೆಯ ಹೋಟೆಲುಗಳಲ್ಲಿ, ರಾತ್ರಿಶಾಲೆಗಳಲ್ಲಿ, ಗಿರಣಿಯ ಚಾಳುಗಳಲ್ಲಿ ಆ ಗಾಳಿಯನ್ನು ಕಂಡ ಕನ್ನಡಿಗರು ಒಬ್ಬರೋ ಇಬ್ಬರೋ ಇನ್ನೂ ಇರಬಹುದು. ನಿಮ್ಮ ಮನೆಯಲ್ಲಿದ್ದರೆ ಈ ಸಂಚಿಕೆಯನ್ನು ಬದಿಗಿಟ್ಟು ಅವರ ಬಳಿ ಹೋಗಿ ಕುಳಿತುಕೊಳ್ಳಿ. ಯಾವ ಮರ ಬಿತ್ತು, ನೀರು ಎಲ್ಲಿಗೆ ಬಂತು, ಎಷ್ಟು ಗಂಟೆಗೆ ಗಾಳಿ ನಿಂತಿತು ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರ್ಕೊಳ್ಳಿ. ತೌಕ್ತೆಯ ದಿನ ನೀವೇ ಕಂಡದ್ದನ್ನೂ ಬರೆದಿಡಿ. ಎಪ್ಪತ್ತು ವರ್ಷದ ಮೇಲೆ ಅದೂ ಯಾರಿಗಾದರೂ ಬೇಕಾದೀತು.

ನಮ್ಮ ಆವರಣದ ಮಳೆಮರವಿದ್ದ ಜಾಗದಲ್ಲಿ ಈಗ ಒಂದು ಸುರಹೊನ್ನೆ ಸಸಿ ಎದೆಯೆತ್ತರಕ್ಕೆ ಬಂದಿದೆ. ನನ್ನ ಮಗಳು ಒಂದು ನೋಟುಪುಸ್ತಕದಲ್ಲಿ, ಬಿದ್ದ ಮರದ ಹೆಸರು, ಬಿದ್ದ ದಿಕ್ಕು, ವೇಳೆ, ನೆಟ್ಟ ಸಸಿಯ ತಾರೀಖುಗಳನ್ನು ಕನ್ನಡದಲ್ಲಿ ಬರೆದಿದ್ದಾಳೆ. ಕಾಗುಣಿತದ ತಪ್ಪು ಮೂರು ಇವೆ. ತಿದ್ದಲಿಲ್ಲ, ಸಂಗತಿಯಲ್ಲಿ ತಪ್ಪಿಲ್ಲ.